ಹದತತ್ವ ಮೀಮಾಂಸೆ: ಮನೆವಾರ್ತೆಯ ಕೈಕೆಲಸಗಳ ಜ್ಞಾನವಿನಿಮಯ ಕುರಿತು ಒಂದು ಬಹುಶಿಸ್ತೀಯ ಮಹಾಪ್ರಬಂಧ (ಸಂಗ್ರಹ ರೂಪ)

ಅಧ್ಯಾಯ 1: ವ್ಯಾಪ್ತಿ ಮತ್ತು ಮಿತಿ

ಪ್ರಸ್ತುತ ಪ್ರಬಂಧವು ಹಲಸಿಗೆ ಕಸಿ ಕಟ್ಟುವುದು, ಅಡಿಕೆಗೆ ಔಷಧಿ ಹೊಡೆಯುವುದು, ಅಂಗಳ ಸಾರಿಸುವುದು, ಜೀವಾಮೃತ ಕದಡುವುದು, ಹಪ್ಪಳ ಒತ್ತುವುದು ಇವೇ ಮೊದಲಾದ ಮನೆವಾರ್ತೆಯ ಕೈಕೆಲಸಗಳನ್ನು ಒಬ್ಬರು ಇನ್ನೊಬ್ಬರಿಗೆ ಹೇಳಿಕೊಡುವ ಪ್ರಕ್ರಿಯೆಯ ತಾತ್ವಿಕ ನೆಲೆಗಳನ್ನು ಬಹುಶಿಸ್ತೀಯ ಪರಿಪ್ರೇಕ್ಷ್ಯದಲ್ಲಿ ಮುಖಾಮುಖಿಯಾಗುವ ಒಂದು ವಿನಮ್ರ ಪ್ರಯತ್ನವಾಗಿದೆ. ‘ವಿನಮ್ರ’ ಎಂಬ ಪದವನ್ನು ಪ್ರಬಂಧಗಳ ಮೊದಲ ಪುಟದಲ್ಲಿ ಅದಕ್ಕಿರುವ ಅರ್ಥದಲ್ಲೇ, ಅಂದರೆ ಯಾವ ಅರ್ಥವೂ ಇಲ್ಲದೆ, ಬಳಸಲಾಗಿದೆ.

ಈ ವಿಷಯದಲ್ಲಿ ಇದುವರೆಗೆ ಗಂಭೀರ ಅಧ್ಯಯನ ನಡೆದಿಲ್ಲ. ಕೆಲಸ ಬರುವವರೆಲ್ಲ ಕೆಲಸದಲ್ಲಿದ್ದರು.

ಅಧ್ಯಯನದ ಮುಖ್ಯ ಮಿತಿಯೆಂದರೆ ಪ್ರಬಂಧಕಾರನಿಗೆ ಮೇಲೆ ಹೇಳಿದ ಕೆಲಸಗಳಲ್ಲಿ ಒಂದೂ ನೆಟ್ಟಗೆ ಬಾರದು. ಇದನ್ನು ‘ಮಿತಿ’ಯ ಅಡಿಯಲ್ಲಿ ನಮೂದಿಸಿದಾಗ, ಇಂಥ ವಿಷಯಗಳಲ್ಲಿ ಪಳಗಿದ ನನ್ನ ಸ್ನೇಹಿತರೊಬ್ಬರು ಪೆನ್ನು ಕಸಿದುಕೊಂಡು ಆ ಸಾಲನ್ನು ಹೊಡೆದುಹಾಕಿ, “ಅದನ್ನು ವಸ್ತುನಿಷ್ಠತೆ ಅಂತ ಬರಿ” ಎಂದರು. ಹಾಗೆಯೇ ಬರೆಯಲಾಗಿದೆ.

ಪ್ರಾಕ್ಕಲ್ಪನೆ: ಒಂದು ಕೆಲಸವನ್ನು ಹೇಳಿಕೊಡಲು ತಗಲುವ ಸಮಯ, ಹೇಳಿಕೊಡುವವರಿಗೆ ಆ ಕೆಲಸ ಎಷ್ಟು ಬರುತ್ತದೆ ಎಂಬುದಕ್ಕೆ ವಿಲೋಮ ಅನುಪಾತದಲ್ಲಿರುತ್ತದೆ. ಪೂರಕ ಸಾಕ್ಷ್ಯವಾಗಿ ಎರಡು ಉದಾಹರಣೆ. ನನ್ನ ಅಮ್ಮ ಹಲಸಿನ ಹಪ್ಪಳ ಹೇಳಿಕೊಡಲು ಬಳಸಿದ್ದು ಒಂದೇ ಪದ: “ನೋಡ್ಕೋ.” ನಾನು ಹೋದ ಕಾರ್ಯಾಗಾರಕ್ಕೆ ಎರಡು ದಿನ ಹಿಡಿಯಿತು, ಅದರಲ್ಲಿ ಉದ್ಘಾಟನೆಗೇ ಅರ್ಧ ದಿನ.

ಅಧ್ಯಾಯ 2: ಪಾರಿಭಾಷಿಕ ನಿರ್ವಚನ

ಸದರಿ ಅಧ್ಯಯನದ ಕೇಂದ್ರ ಪರಿಕಲ್ಪನೆ ‘ಹದ’. ಹದವನ್ನು ಕೇವಲ ಹದ ಎಂದು ಕರೆಯುವುದು ಅಪಾಯಕಾರಿ. ಎಲ್ಲರಿಗೂ ಅರ್ಥವಾಗಿಬಿಡುತ್ತದೆ. ಆದ್ದರಿಂದ ಇದನ್ನು ‘ಹದತ್ವ’ ಎಂದೂ, ಹದತ್ವದ ಅರಿವನ್ನು ‘ಹದಪ್ರಜ್ಞೆ’ ಎಂದೂ, ಹದಪ್ರಜ್ಞೆಯ ಬಗೆಗಿನ ಮಾತುಗಾರಿಕೆಯನ್ನು ‘ಹದಸಂಕಥನ’ ಎಂದೂ, ಹದ ತಪ್ಪಿಹೋದ ಮೇಲೆ ನಡೆಯುವ ವಿಚಾರ ಸಂಕಿರಣವನ್ನು ‘ಹದೋತ್ತರ ವಾಗ್ವಾದ’ ಎಂದೂ ಗುರುತಿಸಲಾಗಿದೆ.

ಹದತ್ವದ ವೈಶಿಷ್ಟ್ಯವೇನೆಂದರೆ ಅದು ಗ್ರಾಂ, ಲೀಟರು, ನಿಮಿಷಗಳ ಭಾಷೆಗೆ ಒಗ್ಗುವುದಿಲ್ಲ. ಹಪ್ಪಳಕ್ಕೆ ಹಲಸಿನಕಾಯಿ ಬೆಳೆದಿರಬೇಕು, ಹಣ್ಣಿಗೆ ತಿರುಗಿರಬಾರದು. ಎಳತಾದರೆ ಹಿಟ್ಟು ಕೂಡುವುದಿಲ್ಲ, ಲಟ್ಟಿಸುವಾಗ ಅಂಚು ಬಿರಿಯುತ್ತದೆ. ಎರಡು ದಿನ ತಡವಾದರೆ ಸಿಹಿ ಇಳಿದು, ಕರಿಯುವಾಗ ಎಣ್ಣೆಯಲ್ಲಿ ಕೆಂಪಗಾಗಿ ಕೂರುತ್ತದೆ. ಇವೆರಡರ ನಡುವಿನ ಆ ಮೂರು-ನಾಲ್ಕು ದಿನಗಳನ್ನು ಅಮ್ಮ ಕಿವಿಯಿಂದ ಕಂಡುಹಿಡಿಯುತ್ತಿದ್ದಳು. ಮರದ ಬುಡಕ್ಕೆ ಹೋಗಿ ಕಾಯಿಗೆ ಬೆರಳಿನ ಗೆಣ್ಣಿನಿಂದ ಎರಡು ಸಲ ಬಡಿಯುವುದು, ಮುಳ್ಳು ಎಷ್ಟು ಅಗಲಿಸಿದೆ ನೋಡುವುದು, “ಇದು ಬೇಡ, ಅದು” ಎನ್ನುವುದು. ಅಷ್ಟೇ. ಈ ವಿಧಾನವನ್ನು ‘ದೇಹಸ್ಥ ಶ್ರಾವಣ-ಸ್ಪರ್ಶ ಜ್ಞಾನಮೀಮಾಂಸೆ’ ಎಂದು ಹೆಸರಿಸಿ ಒಂದು ಲೇಖನ ಬರೆಯಬಹುದು. ಬರೆದರೆ ಅದರಿಂದ ಹಪ್ಪಳ ಆಗುವುದಿಲ್ಲ.

ಅಧ್ಯಾಯ 3: ವರ್ಗೀಕರಣ

ಜ್ಞಾನವಿನಿಮಯೋತ್ಸುಕರನ್ನು ಏಳು ವಿಧಗಳಾಗಿ ವರ್ಗೀಕರಿಸಬಹುದು.

ಮೊದಲನೆಯದು, ಸದ್ಯೋಜಾತ ಜ್ಞಾನಿ. ಕಳೆದ ಶನಿವಾರ ಕಲಿತು ಈ ಶನಿವಾರ ಕಲಿಸುವಾತ. ಇವನ ಮಾತಿನಲ್ಲಿ ಸಂಶಯದ ಲವಲೇಶವೂ ಇರುವುದಿಲ್ಲ. ಏಕೆಂದರೆ ಗಿಡ ಸಾಯಲು ಇನ್ನೂ ಒಂದು ವಾರ ಬೇಕು.

ಎರಡನೆಯದು, ಪರಿಕರವಾದಿ. ಇವನ ಬಳಿ ಜಪಾನಿನ ಕತ್ತರಿ, ಜರ್ಮನಿಯ ಕಸಿ ಚೂರಿ, ಮಣ್ಣಿನ ತೇವ ತೋರಿಸುವ ಮೀಟರು, ಮೊಣಕಾಲಿಗೆ ಕಟ್ಟಿಕೊಳ್ಳುವ ಮೆತ್ತೆ ಎಲ್ಲವೂ ಇವೆ. ಕತ್ತರಿಸಲು ಗಿಡ ಒಂದು ಬಾಕಿ.

ಮೂರನೆಯದು, ಶುದ್ಧಿವಾದಿ. ಜೀವಾಮೃತದ ಪಾಕ ಸರಳವಾದುದೇ. ನೈಸರ್ಗಿಕ ಕೃಷಿಯ ಸುಭಾಷ್ ಪಾಳೇಕರರ ಲೆಕ್ಕದಲ್ಲಿ ಒಂದು ಎಕರೆಗೆ 200 ಲೀಟರ್ ನೀರು, 10 ಕೆ.ಜಿ. ಸಗಣಿ, 5ರಿಂದ 10 ಲೀಟರ್ ಗಂಜಲ, ತಲಾ 2 ಕೆ.ಜಿ. ಬೆಲ್ಲ ಮತ್ತು ದ್ವಿದಳ ಧಾನ್ಯದ ಹಿಟ್ಟು, ಬದುವಿನದೊಂದು ಹಿಡಿ ಮಣ್ಣು. ಕದಡಿ ನೆರಳಲ್ಲಿಟ್ಟು 48 ಗಂಟೆ ಕಾಯಬೇಕು. ಆದರೆ ಶುದ್ಧಿವಾದಿಗಳಲ್ಲಿ ಶಾಖಾಭೇದಗಳಿವೆ. ಬೆಲ್ಲ ಕಪ್ಪಾಗಿರಲೇಬೇಕೆನ್ನುವವರದು ಒಂದು ಶಾಖೆ, ಹಸು ಊರಿನದೇ ಆಗಿರಬೇಕೆನ್ನುವವರದು ಇನ್ನೊಂದು. ಕೋಲನ್ನು ಬಲಕ್ಕೇ ತಿರುಗಿಸಬೇಕು, ಎಡಕ್ಕೆ ತಿರುಗಿಸಿದರೆ ಅನರ್ಥ ಎನ್ನುವವರೊಂದಿಗೆ ಎಡಚನೊಬ್ಬ ನಡೆಸಿದ ಒಂದೂವರೆ ಗಂಟೆಯ ವಾಗ್ವಾದಕ್ಕೆ ನಾನೇ ಸಾಕ್ಷಿ. ಅಷ್ಟು ಹೊತ್ತೂ ಕೋಲು ಯಾವ ಕಡೆಗೂ ತಿರುಗಲಿಲ್ಲ. ಜೀವಾಮೃತದ ನಗರ ಅನ್ವಯವನ್ನು ಪರೀಕ್ಷಿಸಲು ಪ್ರಬಂಧಕಾರನು ಪ್ರಮಾಣವನ್ನು ಹತ್ತರಿಂದ ಭಾಗಿಸಿ, 20 ಲೀಟರ್ ಬಕೆಟ್ಟಿನಲ್ಲಿ, ಬೆಂಗಳೂರಿನ ಮೂರನೇ ಮಹಡಿಯ ಬಾಲ್ಕನಿಯಲ್ಲಿ ಪ್ರಯೋಗ ನಡೆಸಿದನು. ಮಣ್ಣಿನ ಸೂಕ್ಷ್ಮಜೀವಿಗಳಿಗಿಂತ ಮೊದಲು ಜಾಗೃತವಾದದ್ದು ನಿವಾಸಿಗಳ ಸಂಘ. 48 ಗಂಟೆ ಕಾಯುವ ಭಾಗ್ಯ ಸಿಗಲಿಲ್ಲ.

ನಾಲ್ಕನೆಯದು, ಪರ್ಯಟನಶೀಲ…

ಇರಲಿ, ಉಳಿದ ನಾಲ್ಕನ್ನು ಬಿಟ್ಟುಬಿಡುತ್ತೇನೆ. ನನಗೇ ಬೇಜಾರು ಬಂತು. ಅಲ್ಲದೆ ಮೇಲಿನ ಮೂರೂ ಬೇರೆ ಯಾರೂ ಅಲ್ಲ, ಮೂರು ಬೇರೆ ಬೇರೆ ವರ್ಷಗಳ ನಾನೇ. ಜರ್ಮನಿಯ ಚೂರಿ ಈಗಲೂ ಡಬ್ಬಿಯಲ್ಲಿದೆ. ಉತ್ಸಾಹಿಗಳ ಮೇಲೆ ನನಗೆ ಕೋಪವಿಲ್ಲ. ಶನಿವಾರದ ನಿದ್ದೆ ಬಿಟ್ಟು, ಕೈ ಕೆಸರು ಮಾಡಿಕೊಂಡು, ಟೊಮೆಟೊ ಗಿಡ ಸತ್ತರೆ ನಿಜವಾಗಿ ಮಂಕಾಗುವ ಜನ ಇವರು. ಇವರು ತಪ್ಪು ಹೇಳಿಕೊಟ್ಟರೂ ಪುಕ್ಕಟೆ ಹೇಳಿಕೊಡುತ್ತಾರೆ, ಜೊತೆಗೆ ಎರಡು ಬೀಜವನ್ನೂ ಕೊಟ್ಟು ಕಳಿಸುತ್ತಾರೆ. ನನ್ನ ತಕರಾರು ಇವರ ತಲೆಯ ಮೇಲೆ ಶಾಮಿಯಾನ ಕಟ್ಟಿ, ಮೈಕು ಇಟ್ಟು, ಬ್ಯಾನರು ತೂಗುಹಾಕುವವರ ಬಗ್ಗೆ.

ಅಧ್ಯಾಯ 4: ಚಾರಿತ್ರಿಕ ನೆಲೆಗಳು

ಜ್ಞಾನವಿನಿಮಯದ ಅತ್ಯುತ್ತಮ ಉದಾಹರಣೆ ನಮ್ಮ ಮಲೆನಾಡಿನ ಅಡಿಕೆ ತೋಟದಲ್ಲೇ ಇದೆ, ಅದರ ಮೂಲದಲ್ಲಿರುವುದು ಕಳ್ಳತನ. ಫ್ರಾನ್ಸಿನ ಬೋರ್ಡೊ ಸೀಮೆಯಲ್ಲಿ ರಸ್ತೆ ಬದಿಯ ದ್ರಾಕ್ಷಿಯನ್ನು ದಾರಿಹೋಕರು ಕಿತ್ತು ತಿನ್ನುತ್ತಾರೆಂದು ಬೆಳೆಗಾರರು ಅಂಚಿನ ಸಾಲುಗಳಿಗೆ ಮೈಲುತುತ್ತು ಮತ್ತು ಸುಣ್ಣ ಕಲಸಿ ಬಳಿದಿದ್ದರು. ನೋಡಲು ವಿಷದಂತಿದ್ದರೆ ಯಾರು ಮುಟ್ಟುತ್ತಾರೆ? ಬೂಜುರೋಗಕ್ಕೆ ತೋಟದ ಒಳಗಿನ ಬಳ್ಳಿಗಳೆಲ್ಲ ಎಲೆ ಉದುರಿಸಿ ನಿಂತರೂ ರಸ್ತೆ ಬದಿಯವು ಮಾತ್ರ ಹಸಿರಾಗಿದ್ದವು. ಮಿಲಾರ್ಡೆ ಎಂಬ ಪ್ರೊಫೆಸರು 1882ರಲ್ಲಿ ಇದನ್ನು ಗಮನಿಸಿ, ಏಕೆ ಹೀಗೆ ಎಂದು ಕೇಳಿ, ಪ್ರಯೋಗ ಮಾಡಿ, 1885ರಲ್ಲಿ ಪ್ರಕಟಿಸಿದರು. ನಾಲ್ಕು ಮಾತು ಪ್ರೊಫೆಸರರ ಬಗ್ಗೆ ಒಳ್ಳೆಯದನ್ನೂ ಹೇಳಬೇಕು: ಅವರು ನಡೆದುಕೊಂಡು ಹೋಗುತ್ತಿದ್ದರು, ಕಣ್ಣು ಬಿಟ್ಟುಕೊಂಡಿದ್ದರು, ರೈತನನ್ನು ಮಾತಾಡಿಸಿದರು.

ಇತ್ತ ಮೈಸೂರು ಸಂಸ್ಥಾನದಲ್ಲಿ ಆಷಾಢದ ಮಳೆ ಹಿಡಿದರೆ ಅಡಿಕೆ ಕಾಯಿ ಬುಡ ಕೊಳೆತು ಉದುರುತ್ತಿತ್ತು. ಕರಡದ ಹುಲ್ಲಿನಲ್ಲಿ ಕೊಟ್ಟೆ ಹೆಣೆದು, ಮರ ಹತ್ತಿ, ಒಂದೊಂದು ಗೊನೆಗೂ ಕಟ್ಟುವುದೇ ಆಗ ಇದ್ದ ಉಪಾಯ. ಕೆನಡಾದಿಂದ ಬಂದು ಸಂಸ್ಥಾನದ ಕೃಷಿ ಇಲಾಖೆ ಸೇರಿದ್ದ ಲೆಸ್ಲಿ ಕೋಲ್ಮನ್ ಅವರು ಇದನ್ನು ಅಧ್ಯಯನ ಮಾಡಿ 1910ರಲ್ಲಿ ವರದಿ ಪ್ರಕಟಿಸಿದರು. ವರದಿಯ ತಲೆಬರಹದಲ್ಲೇ ‘ಕೊಳೆರೋಗ’ ಎಂಬ ಕನ್ನಡದ ಮಾತಿದೆ. ದ್ರಾಕ್ಷಿ ಕಳ್ಳರಿಗೆಂದು ಕಲಸಿದ್ದ ಬೋರ್ಡೊ ದ್ರಾವಣ ಹೀಗೆ ಅಡಿಕೆ ಮರ ಹತ್ತಿತು. ಕಾಫಿ ಗಿಡದ ಕಪ್ಪುಕೊಳೆಯನ್ನು ತರುವ ಶಿಲೀಂಧ್ರಕ್ಕಂತೂ ವಿಜ್ಞಾನಿಗಳು ಲ್ಯಾಟಿನ್ ಹೆಸರಿನಲ್ಲೇ ‘ಕೊಳೆರೋಗ’ ಸೇರಿಸಿದರು. ಹೊಲಗದ್ದೆಯ ಮಾತೊಂದು ಲ್ಯಾಟಿನ್ನಿಗೆ ಹೋಗಿ ಕೂತಿದೆ. ನಮ್ಮ ವಿದ್ವಾಂಸರು ಲ್ಯಾಟಿನ್ನಿನಿಂದ, ಸಂಸ್ಕೃತದಿಂದ ಮಾತು ಹೊತ್ತು ತಂದು ಹೊಲಗದ್ದೆಯ ಮೇಲೆ ಸುರಿಯುತ್ತಿದ್ದಾರೆ.

ಕಲಸುವ ಕ್ರಮ ಯಾವ ತೋಟದ ಮನೆಯ ಮಕ್ಕಳಿಗೂ ಗೊತ್ತು. 1 ಕೆ.ಜಿ. ಮೈಲುತುತ್ತು 50 ಲೀಟರಿನಲ್ಲಿ, 1 ಕೆ.ಜಿ. ಸುಣ್ಣ ಇನ್ನೊಂದು 50 ಲೀಟರಿನಲ್ಲಿ, ಎರಡನ್ನೂ ಒಟ್ಟಿಗೆ ಮೂರನೆಯ ಡ್ರಮ್ಮಿಗೆ ಸುರಿಯಬೇಕು. ಕಬ್ಬಿಣದ ಪಾತ್ರೆ ಮಾತ್ರ ಕೂಡದು. ಅಂದು ಕಲಸಿದ್ದು ಅಂದೇ ಮುಗಿಯಬೇಕು. ತಿಳಿನೀಲಿ ಬಣ್ಣ ಬಂದ ಮೇಲೆ ನನ್ನ ಅಪ್ಪ ಸೊಂಟದ ಕತ್ತಿ ತೆಗೆದು, ಬಾಯನ್ನು ಕಲ್ಲಿಗೆ ಎರಡು ಸಲ ಉಜ್ಜಿ, ಡ್ರಮ್ಮಿನಲ್ಲಿ ಅದ್ದಿ ಹಿಡಿಯುತ್ತಿದ್ದ. ಒಂದು ನಿಮಿಷ. ನಾವು ಮಕ್ಕಳು ಡ್ರಮ್ಮಿನ ಸುತ್ತ. ಮೇಲೆತ್ತಿದಾಗ ಕತ್ತಿಯ ಮೇಲೆ ಕೆಂಪು ಕೂತಿದ್ದರೆ ತುತ್ತು ಜಾಸ್ತಿ, ಇನ್ನೊಂದು ಚೆಂಬು ಸುಣ್ಣದ ನೀರು. ಕತ್ತಿ ಹೇಗಿತ್ತೋ ಹಾಗೇ ಬಂದರೆ “ಹಾಂ, ಹೊಡೀಬಹುದು.” ಕಬ್ಬಿಣ ತಾಮ್ರವನ್ನು ಹೊರಹಾಕುವ ರಸಾಯನಶಾಸ್ತ್ರ ನನಗೆ ಹೈಸ್ಕೂಲಿನಲ್ಲಿ ಸಿಕ್ಕಿತು, ಸಮೀಕರಣದ ರೂಪದಲ್ಲಿ. ಅದು ಅಪ್ಪನ ಕತ್ತಿಯೇ ಎಂದು ಮೇಷ್ಟ್ರು ಹೇಳಲಿಲ್ಲ, ಅಪ್ಪನಿಗೆ ನಾನೂ ಹೇಳಲಿಲ್ಲ.

ಅಧ್ಯಾಯ 5: ಕ್ಷೇತ್ರಕಾರ್ಯ

ಸದರಿ ಅಧ್ಯಯನದ ಆಕರ ಮೇ ತಿಂಗಳ ಕೊನೆಯ ಒಂದು ಶನಿವಾರ-ಭಾನುವಾರ ನಡೆದ ಕಾರ್ಯಾಗಾರ. ಅದರ ಹೆಸರಿನಲ್ಲಿ ‘ದೇಸಿ’, ‘ಸುಸ್ಥಿರ’, ‘ಸಂವಾದ’ ಮೂರೂ ಇದ್ದವು. ಆಹ್ವಾನ ಪತ್ರಿಕೆಯಲ್ಲಿ ಹತ್ತು ಗಂಟೆಗೆಂದಿದ್ದ ಉದ್ಘಾಟನೆ ಹನ್ನೊಂದೂ ಇಪ್ಪತ್ತಕ್ಕೆ ಶುರುವಾಯಿತು. ದೀಪ ಬೆಳಗಿಸುವುದು ಹಳತಾಯಿತೆಂದು ಗಿಡಕ್ಕೆ ನೀರೆರೆದು ಉದ್ಘಾಟಿಸುವ ಕ್ರಮವನ್ನಿಟ್ಟಿದ್ದರು. ವೇದಿಕೆಯಲ್ಲಿ ಎಂಟು ಜನ ಗಣ್ಯರು. ಎಂಟೂ ಜನ ಒಬ್ಬೊಬ್ಬರಾಗಿ ಹಿತ್ತಾಳೆ ಚೆಂಬಿನಿಂದ ಅದೇ ಗಿಡಕ್ಕೆ ನೀರು ಹಾಕಿದರು, ಫೋಟೋ ಸರಿ ಬರಲಿಲ್ಲವೆಂದು ಇಬ್ಬರು ಎರಡನೇ ಸಲ ಹಾಕಿದರು. ಚಿನ್ನದ ಬಣ್ಣ ಬಳಿದ ಆ ಕುಂಡಕ್ಕೆ ತಳದಲ್ಲಿ ತೂತಿರಲಿಲ್ಲ. ಪ್ರಾರ್ಥನೆ ಮುಗಿಯುವ ಹೊತ್ತಿಗೆ ನೀರು ಅಂಚಿಗೆ ಬಂದಿತ್ತು, ಪ್ರಾಸ್ತಾವಿಕ ನುಡಿಯ ಹೊತ್ತಿಗೆ ಗಿಡ ಒಂದು ಕಡೆ ವಾಲಿತ್ತು. ಸುಸ್ಥಿರತೆಯ ಬಗೆಗಿನ ದಿಕ್ಸೂಚಿ ಭಾಷಣ ಪೂರ್ತಿ ಅದು ಹಾಗೆಯೇ ವಾಲಿಕೊಂಡು ಕೇಳಿತು.

ಕೊನೆಯ ಸಾಲಿನಲ್ಲಿ, ಪ್ಲಾಸ್ಟಿಕ್ ಕುರ್ಚಿಯ ತುದಿಯಲ್ಲಿ ಕೂತಿದ್ದವರು ವಕ್ತೃ-1. (ಮಾಹಿತಿ ಕೊಡುವವರನ್ನು ವಿದ್ವತ್ ಪ್ರಬಂಧಗಳಲ್ಲಿ ‘ವಕ್ತೃ’ ಎನ್ನುತ್ತಾರೆ, ಅಂದರೆ ಮಾತನಾಡುವವರು. ಆ ದಿನ ಮಾತನಾಡದೆ ಇದ್ದವರು ಅವರೊಬ್ಬರೇ.) ಬೆಳಗಿನ ಮೊದಲ ಬಸ್ಸಿಗೆ ಬಂದಿದ್ದರು. ಒಂದು ಸಿಮೆಂಟ್ ಚೀಲದಲ್ಲಿ ಹತ್ತು ಹಲಸಿನ ಸಸಿ, ಪೆನ್ಸಿಲಿನ ಗಾತ್ರದವು. ತೊಡೆಯ ಮೇಲೆ, ಒದ್ದೆ ಬಟ್ಟೆಯಲ್ಲಿ ಸುತ್ತಿ ಬಾಳೆಪಟ್ಟೆಯೊಳಗಿಟ್ಟ ಕಸಿಕಡ್ಡಿಗಳು. ಹಲಸಿನ ಕಡ್ಡಿ ಬೇಕೆಂದಾಗ ಕೊಯ್ದು ತರುವಂಥದಲ್ಲ. ಮರದಲ್ಲಿ ಕೊಂಬೆ ಆರಿಸಿ, ವಾರ ಹತ್ತು ದಿನ ಮೊದಲೇ ಎಲೆಗಳನ್ನು ತೊಟ್ಟು ಉಳಿಸಿ ಕತ್ತರಿಸಬೇಕು. ತೊಟ್ಟು ತಾನಾಗಿ ಉದುರಿ ಕಣ್ಣು ಉಬ್ಬಿದಾಗ ಕಡ್ಡಿ ತಯಾರು. ಅಂದರೆ ಆಹ್ವಾನ ಪತ್ರಿಕೆ ಅಚ್ಚಾಗುವ ಮೊದಲೇ ಈ ಮನುಷ್ಯ ಕಾರ್ಯಾಗಾರದ ಕೆಲಸ ಶುರು ಮಾಡಿದ್ದರು.

ದಿಕ್ಸೂಚಿ ಭಾಷಣಕಾರರು ‘ಅಂಚಿನ ಜ್ಞಾನಪರಂಪರೆಗಳ ಒಳಗೊಳ್ಳುವಿಕೆ’ ಎಂದಾಗಲೆಲ್ಲ ಅಂಚಿನಲ್ಲಿ ಕೂತ ವಕ್ತೃ-1 ಅವರು ಕುಡಿಯುವ ನೀರಿನ ಬಾಟಲಿಯಿಂದ ಬಟ್ಟೆಯ ಮೇಲೆ ಒಂದಿಷ್ಟು ಚಿಮುಕಿಸುತ್ತಿದ್ದರು. ಮಧ್ಯಾಹ್ನದ ಸೆಕೆ. ಬಾಟಲಿ ಮುಗಿದ ಮೇಲೆ ಪಕ್ಕದವರ ಬಾಟಲಿ ಕೇಳಿ ಪಡೆದರು.

ಅವರ ಸರದಿ ಬಂದದ್ದು ಒಂದಕ್ಕೆ ಹತ್ತು ನಿಮಿಷ ಇರುವಾಗ, ಅನ್ನದ ಪರಿಮಳ ಶಾಮಿಯಾನದೊಳಗೆ ಬಂದ ಮೇಲೆ. ಪ್ರಾತ್ಯಕ್ಷಿಕೆಗೆ ಸಮಯವಿಲ್ಲದ ಕಾರಣ ಅದರ ಬದಲಿಗೆ ಸನ್ಮಾನ ಎಂದು ಘೋಷಣೆಯಾಯಿತು. ಶಾಲು, ಮೈಸೂರು ಪೇಟ, ಹಣ್ಣಿನ ಬುಟ್ಟಿ, ಗಾಜಿನ ಸ್ಮರಣಿಕೆ. ಹಾರ ಹಾಕುವಾಗ ಕೈಯಲ್ಲಿದ್ದ ಬಾಳೆಪಟ್ಟೆಯನ್ನು ಯಾರೋ ತೆಗೆದು ಕೆಳಗಿಡಲು ನೋಡಿದರು. ಅವರು ಬಿಡಲಿಲ್ಲ. ಫೋಟೋದಲ್ಲಿ ಅದೂ ಬಂದಿದೆ. ಆಮೇಲೆ ಮೈಕು ಕೊಟ್ಟು, “ಎರಡು ಮಾತಾಡಿ” ಎಂದರು.

ಅವರು ಮೈಕನ್ನು ನೋಡಿ, ಕೈಯಲ್ಲಿದ್ದುದನ್ನು ನೋಡಿ, ಹೇಳಿದರು: “ಕಡ್ಡಿ ಒಣಗ್ತದೆ.”

ಎರಡೇ ಮಾತು. ಕೇಳಿದ್ದು ಅಷ್ಟೇ ತಾನೆ. ಭಾರೀ ಚಪ್ಪಾಳೆ ಬಿತ್ತು. ನಿರೂಪಕರು ಕಣ್ಣು ಒದ್ದೆ ಮಾಡಿಕೊಂಡು, “ಎಂಥಾ ರೂಪಕ! ನಮ್ಮ ದೇಸಿ ಜ್ಞಾನದ ಕಡ್ಡಿ ಒಣಗುತ್ತಿದೆ ಎಂಬ ಎಚ್ಚರಿಕೆಯನ್ನು ಇದಕ್ಕಿಂತ ಮಾರ್ಮಿಕವಾಗಿ ಯಾರು ಹೇಳಿಯಾರು?” ಎಂದರು. ಬರೆದುಕೊಳ್ಳುವವರು ಬರೆದುಕೊಂಡರು. ಕಡ್ಡಿ ಒಣಗುತ್ತಿತ್ತು.

ಅಧ್ಯಾಯ 6: ದತ್ತಾಂಶ ವಿಶ್ಲೇಷಣೆ

ಈ ಅಧ್ಯಾಯದಲ್ಲಿ ಒಂದು ಕೋಷ್ಟಕ ಇರಬೇಕಿತ್ತು. ಅದರ ಬದಲು ಒಂದು ಅರ್ಜಿ ನಮೂನೆಯ ಬಗ್ಗೆ ಬರೆಯುತ್ತೇನೆ.

ಊಟದ ನಂತರ ಸಂಪನ್ಮೂಲ ವ್ಯಕ್ತಿಗಳ ನಮೂನೆ ತುಂಬಿಸುವ ಮೇಜಿನಲ್ಲಿ ಒಬ್ಬ ಹುಡುಗ ವಕ್ತೃ-1 ಅವರ ಪರವಾಗಿ ಬರೆಯುತ್ತಿದ್ದ. ಪಾಪ, ಅವನ ತಪ್ಪೇನಿಲ್ಲ, ಕಾಲಂ ಇದ್ದ ಹಾಗೆ ತುಂಬುತ್ತಿದ್ದ. ವಯಸ್ಸು: ಅಂದಾಜು 70. ವಿದ್ಯಾರ್ಹತೆ: ಇಲ್ಲ. ವೃತ್ತಿ: ಕೂಲಿ.

ಕೂಲಿ.

ನಮ್ಮ ಊರಿನ ಸುತ್ತಲಿನ ತೋಟಗಳಲ್ಲಿ ಎಷ್ಟು ಹಲಸು, ಮಾವು, ಅಪ್ಪೆಮಿಡಿ ಮರಗಳು ಈ ಕೈಯಿಂದ ಎದ್ದಿವೆ ಎಂದು ಲೆಕ್ಕ ಇಟ್ಟವರಿಲ್ಲ. ನಮ್ಮ ಮನೆಯ ಹಿಂದಿನ ಎರಡು ಮರ ಅವರು ಕಟ್ಟಿದ್ದು. ನಾವು ಹಣ್ಣು ತಿಂದೆವು, ಸಂಜೆ ಅವರಿಗೆ ಕೂಲಿ ಎಣಿಸಿದೆವು, ಆದ್ದರಿಂದ ಅವರು ಕೂಲಿ. ದಿಕ್ಸೂಚಿ ಭಾಷಣಕಾರರಿಗೂ ಅಂದು ಲಕೋಟೆ ಕೊಟ್ಟರು. ಅವರ ನಮೂನೆಯಲ್ಲಿ ವೃತ್ತಿ ‘ಚಿಂತಕರು’ ಎಂದಿತ್ತು. ಇಬ್ಬರೂ ಸಂಜೆ ಹಣ ಪಡೆದು ಮನೆಗೆ ಹೋಗುವವರೇ. ಒಬ್ಬರು ಹೋದದ್ದು ಕಾರಿನಲ್ಲಿ. ಇನ್ನೊಬ್ಬರಿಗೆ ಬಸ್ ಚಾರ್ಜು ಕೊಡಲು ಟಿಕೆಟ್ ತೋರಿಸಿ ಎಂದರು. ನಮ್ಮ ಕಡೆಯ ಪ್ರೈವೇಟ್ ಬಸ್ಸಿನಲ್ಲಿ ಟಿಕೆಟ್ ಕೊಡುವ ಕ್ರಮ ಎಲ್ಲಿದೆ ಮಾರಾಯ್ರೆ? ಕಂಡಕ್ಟರ್ ದುಡ್ಡು ತೆಗೆದುಕೊಂಡು ಬೆರಳ ಸಂದಿಗೆ ಸಿಕ್ಕಿಸುತ್ತಾನೆ, ಮುಗಿಯಿತು. ಟಿಕೆಟ್ ಇಲ್ಲದ ಕಾರಣ ಬಿಲ್ಲಾಗಲಿಲ್ಲ. ಗಾಜಿನ ಸ್ಮರಣಿಕೆಗೆ ಬಿಲ್ಲಾಗಿತ್ತು.

ಇಂಥದಕ್ಕೆ ಬೇರೆ ದಾರಿಯೇ ಇಲ್ಲವೆಂದಲ್ಲ. ಗುಬ್ಬಿ ತಾಲ್ಲೂಕಿನ ಚೇಳೂರಿನ ಒಂದು ಕೆಂಪು ತೊಳೆಯ ಹಲಸನ್ನು ಹೆಸರಘಟ್ಟದ ಭಾರತೀಯ ತೋಟಗಾರಿಕಾ ಸಂಶೋಧನಾ ಸಂಸ್ಥೆ ಗುರುತಿಸಿದಾಗ, ಮರ ನೆಟ್ಟವರ ಹೆಸರಿನಿಂದಲೇ ‘ಸಿದ್ದು’ ಎಂದು ಕರೆಯಿತು. ಕಸಿ ಗಿಡ ಮಾರಿದ ಹಣದಲ್ಲಿ ಮುಕ್ಕಾಲು ಪಾಲು ರೈತನಿಗೇ ಎಂದು ಒಪ್ಪಂದವಾಯಿತು. ಪುತ್ತೂರಿನಿಂದ 1988ರಿಂದ ಬರುತ್ತಿರುವ ‘ಅಡಿಕೆ ಪತ್ರಿಕೆ’ ಕೃಷಿಕರ ಕೈಗೇ ಲೇಖನಿ ಕೊಟ್ಟಿತು. ಅದರಲ್ಲಿ ಲೇಖನದ ಕೆಳಗೆ ಫೋನ್ ನಂಬರು ಇರುತ್ತದೆ. ನಂಬರು ಹಾಕಿದವನು ಸುಳ್ಳು ಬರೆಯಲಾರ, ಬೆಳಗಿನ ಜಾವವೇ ಯಾರೋ ಫೋನು ಮಾಡಿ, “ನೀವು ಹೇಳಿದ ಹಾಗೆ ಮಾಡಿದೆ, ಸತ್ತೋಯ್ತು” ಎನ್ನುತ್ತಾರೆ. ಅಡ್ಯನಡ್ಕದ ಬಳಿಯ ಅಮೈ ಮಹಾಲಿಂಗ ನಾಯ್ಕರಿಗೆ 2022ರಲ್ಲಿ ಪದ್ಮಶ್ರೀ ಬಂತು. ತೋಟಗಳಲ್ಲಿ ಕೂಲಿ ಮಾಡುತ್ತಲೇ, ತಮಗೆ ಸಿಕ್ಕ ಬೋಳುಗುಡ್ಡದಲ್ಲಿ ಒಬ್ಬರೇ ಸುರಂಗ ಕೊರೆದು ನೀರು ತಂದವರು. ಮೊದಲ ಸುರಂಗಗಳು ಒಂದಾದ ಮೇಲೊಂದು ಬರಿದೇ ಹೋದವು. ನನ್ನನ್ನು ಕೇಳಿದರೆ ಕಾರ್ಯಾಗಾರ ಆಗಬೇಕಾದದ್ದು ಆ ಬರಿದಾದ ಸುರಂಗಗಳ ಬಾಯಲ್ಲಿ: ಎಲ್ಲಿ ನಿಲ್ಲಿಸಿದಿರಿ, ಯಾಕೆ ನಿಲ್ಲಿಸಿದಿರಿ, ಮುಂದಿನದನ್ನು ಕೊರೆಯಲು ಧೈರ್ಯ ಎಲ್ಲಿಂದ ಬಂತು. ನಮ್ಮ ವೇದಿಕೆಗಳಿಗೆ ಬೇಕಾಗುವುದು ಮಾತ್ರ ನೀರು ಬಂದ ದಿನದ ಫೋಟೋ.

(ಇಲ್ಲಿಂದ ಅಧ್ಯಾಯಕ್ಕೆ ಸಂಖ್ಯೆ ಹಾಕಿಲ್ಲ)

ಮಧ್ಯಾಹ್ನದ ಗೋಷ್ಠಿಗೆ ಎಲ್ಲರೂ ಒಳಗೆ ಹೋದ ಮೇಲೆ ವಕ್ತೃ-1, ಇನ್ನು ಮೇಲೆ ಅಜ್ಜ ಎನ್ನುತ್ತೇನೆ, ಪೇಟವನ್ನು ಹಣ್ಣಿನ ಬುಟ್ಟಿಯ ಮೇಲೆ ಕವುಚಿಟ್ಟು, ಅಡುಗೆ ಶೆಡ್ಡಿನ ಹಿಂದೆ ನೆರಳು ಹುಡುಕಿ ಕೂತರು. ಪಾತ್ರೆ ತೊಳೆಯುತ್ತಿದ್ದ ಇಬ್ಬರು ಹೆಂಗಸರು, ಶಾಮಿಯಾನದ ಹುಡುಗ, ನಾನು. “ತಂದದ್ದು ತಂದಾಗಿದೆ, ವಾಪಸ್ ಹೊತ್ತುಕೊಂಡು ಹೋಗೋದು ಎಂಥಕ್ಕೆ” ಎಂದರು.

ಸಸಿಯ ತಲೆಯನ್ನು ಗೇಣೆತ್ತರದಲ್ಲಿ ಹಾರಿಸಿ, ನಡು ಮಧ್ಯೆ ಒಂದೂವರೆ ಇಂಚು ಸೀಳಿದರು. ಮೇಣ ಜಿನುಗಿತು, ಬಟ್ಟೆಯಲ್ಲಿ ಒರೆಸಿದರು. ಕಡ್ಡಿಯ ಬುಡವನ್ನು ಎರಡು ಕಡೆ ಎರಡೇ ಎಳೆತದಲ್ಲಿ ಬೆಣೆಯ ಹಾಗೆ ಇಳಿಸಿದರು. ಚೂರಿಯಲ್ಲ, ಅರ್ಧ ಮುರಿದ ಶೇವಿಂಗ್ ಬ್ಲೇಡು. ಸೀಳಿನೊಳಗೆ ಕೂರಿಸಿ, ಒಂದು ಪಕ್ಕದ ಸಿಪ್ಪೆ ಸರಿಯಾಗಿ ಎದುರುಬದುರಾಗುವ ಹಾಗೆ ಕೂದಲೆಳೆಯಷ್ಟು ಸರಿಸಿ, ಪ್ಲಾಸ್ಟಿಕ್ ಪಟ್ಟಿಯನ್ನು ಬಿಗಿದು ಸುತ್ತಿ, ಮೇಲಿಂದ ಐಸ್ ಕ್ಯಾಂಡಿಯ ಕವರು ಟೋಪಿಯ ಹಾಗೆ ಇಳಿಸಿ ಕಟ್ಟಿದರು. ನಾನು ಗಡಿಯಾರ ನೋಡಿರಲಿಲ್ಲ, ಆದರೆ ಪಾತ್ರೆ ತೊಳೆಯುವ ಅಕ್ಕ ಒಂದು ಕೊಳದಪ್ಪಲೆ ತಿಕ್ಕುವುದರೊಳಗೆ ಮೂರು ಗಿಡ ಆಗಿತ್ತು. ಎರಡು ಕಡ್ಡಿ ಆಗಲೇ ಸುಕ್ಕಿದ್ದವು. ಬಗ್ಗಿಸಿ ನೋಡಿ, ಏನೂ ಹೇಳದೆ, ಆಚೆ ಎಸೆದರು.

ನಾಲ್ಕನೆಯದಕ್ಕೆ ಬ್ಲೇಡನ್ನು ನನ್ನ ಕೈಗೆ ಕೊಟ್ಟರು. ನಾನು ಜಾಗ್ರತೆಯಿಂದ ಸ್ವಲ್ಪ ಸ್ವಲ್ಪವೇ ಕೆತ್ತಿದೆ.

“ಪೆನ್ಸಿಲ್ ಚೂಪು ಮಾಡ್ತೀರಾ? ಒಂದೇ ಸಲ ಎಳೀಬೇಕು. ಹೆದರ್ಕೊಂಡು ಕೊಯ್ದದ್ದು ಕೂಡೂದಿಲ್ಲ.”

ಎಳೆದೆ. ಹೆಬ್ಬೆರಳು ಕೊಯ್ದುಕೊಂಡೆ. ಆ ಅಕ್ಕ ಮೇಣ ಬಿಡಿಸಲು ಇಟ್ಟಿದ್ದ ಕೊಬ್ಬರಿ ಎಣ್ಣೆಯ ಬಾಟಲಿ ದಾಟಿಸಿ, “ಮೊದಲು ಕೈಗೆ ಎಣ್ಣೆ ಹಚ್ಕೋಬೇಕು ಅಂತ ಓದಿದವರಿಗೆ ಗೊತ್ತಿಲ್ವಾ” ಎಂದು ನಕ್ಕಳು. ಆ ಮಧ್ಯಾಹ್ನ ಒಳಗೆ ಮೈಕಿನಲ್ಲಿ ಏನು ನಡೆಯಿತೋ, ಪ್ರಮಾಣಪತ್ರ ಮಾತ್ರ ನನಗೂ ಬಂದಿದೆ.

ನಾನು ಇಷ್ಟು ಹೊತ್ತು ಯಾರ ಮೇಲೋ ಸಿಟ್ಟು ಮಾಡಿದೆನಲ್ಲ, ಈ ಅಜ್ಜ ನನ್ನ ಬಾಲ್ಯದಲ್ಲಿ ವರ್ಷಕ್ಕೆ ನಾಲ್ಕು ಸಲವಾದರೂ ನಮ್ಮ ಮನೆಗೆ ಬರುತ್ತಿದ್ದವರು. ಅಂಗಳದ ಅಂಚಿನಲ್ಲಿ ಕೂತು ಕೆಲಸ ಮಾಡುತ್ತಿದ್ದರು, ಅಲ್ಲೇ ಬಾಳೆಲೆಯಲ್ಲಿ ಉಂಡು ಹೋಗುತ್ತಿದ್ದರು. ಒಂದು ದಿನವೂ ನಾನು ಪಕ್ಕದಲ್ಲಿ ಕೂತು ನೋಡಲಿಲ್ಲ. ನಾನು ಓದುತ್ತಿದ್ದೆ. ಅಮ್ಮನ ಹಪ್ಪಳದ ಕ್ರಮವನ್ನು ಮಾತ್ರ, ಬೆಂಗಳೂರಿಗೆ ಹೋದ ಮೇಲೆ ಜ್ಞಾನೋದಯವಾಗಿ, ಒಂದು ರಜೆಯಲ್ಲಿ ನೋಟುಬುಕ್ಕಿನಲ್ಲಿ ಬರೆದುಕೊಂಡೆ. ಈಗ ಅಮ್ಮ ಇಲ್ಲ, ನೋಟುಬುಕ್ಕಿದೆ. ಅದರ ಮೊದಲ ಸಾಲು ನನ್ನದೇ ಅಕ್ಷರದಲ್ಲಿ: “ಕಾಯಿ: ಬಡಿದರೆ ಸರಿಯಾದ ಸದ್ದು ಬರುವಂಥದು.” ಮೊನ್ನೆ ಊರಿಗೆ ಹೋದಾಗ ಮರದ ಕೆಳಗೆ ನಿಂತು ಒಂದೊಂದೇ ಕಾಯಿಗೆ ಬಡಿಯುತ್ತ ಹೋದೆ. ಎಲ್ಲ ಕಾಯಿಯೂ ಒಂದೇ ಸದ್ದು ಮಾಡಿತು. ಅಮ್ಮ ಮೂರು ಹೆಜ್ಜೆ ಮುಂದೆ ನಡೆಯುತ್ತ “ಅದು” ಎಂದಾಗ ನಾನು ಪೆನ್ನಿನ ಮುಚ್ಚಳ ತೆಗೆಯುತ್ತಿದ್ದೆನೆಂದು ಕಾಣುತ್ತದೆ.

ಅನುಬಂಧ: ವಕ್ತೃವಿನೊಂದಿಗೆ ದೂರವಾಣಿ ಸಂಭಾಷಣೆ

ನಾನು ಕಟ್ಟಿದ ಆ ಒಂದು ಗಿಡವನ್ನು ಬೆಂಗಳೂರಿಗೆ ತಂದು ಬಾಲ್ಕನಿಯ ನೆರಳಿನಲ್ಲಿಟ್ಟಿದ್ದೆ. ಇಪ್ಪತ್ತೆರಡನೇ ದಿನ ಸಂಜೆ ಆಫೀಸಿನಿಂದ ಬಂದಾಗ ಚಿಗುರು. ಕವರಿನ ಹೊರಗೆ, ಹೊಳೆಯುವ ಎರಡು ಎಲೆ. ಕೈಕಾಲೂ ತೊಳೆಯದೆ ಫೋನು ಮಾಡಿದೆ. ಎತ್ತಿದವನು ಮೊಮ್ಮಗ, ಅಜ್ಜ ಕೊಟ್ಟಿಗೆಯಲ್ಲಿದ್ದರು, ಕರೆದು ಕೊಟ್ಟ.

“ಅಜ್ಜಾ, ಚಿಗುರಿತು!”

“ಹೌದನಾ? ಕಟ್ಟಿದ ಜಾಗದಿಂದ ಮೇಲೆ ಬಂದದ್ದಾ, ಕೆಳಗಾ?”

ನೋಡಿರಲಿಲ್ಲ. ಕತ್ತಲಾಗಿತ್ತು. ಮೊಬೈಲಿನ ಟಾರ್ಚು ಹಾಕಿಕೊಂಡು, ಫೋನು ಕಿವಿಯಿಂದ ಇಳಿಸಿ ಕುಂಡದ ಹತ್ತಿರ ಬಗ್ಗಿದೆ. ಪ್ಲಾಸ್ಟಿಕ್ ಪಟ್ಟಿಯ ಮೇಲಿನ ಕಡ್ಡಿ ಕಂದು ತಿರುಗಿ ನಿಂತಿತ್ತು. ಅದರ ಎರಡು ಬೆರಳು ಕೆಳಗೆ, ಬುಡದ ಸಸಿಯ ಪಕ್ಕದಿಂದ, ಚಿಗುರು.

“ಕೆಳಗೆ.”

ಆ ಕಡೆ ಸ್ವಲ್ಪ ಹೊತ್ತು ಮಾತಿಲ್ಲ. ದನವೊಂದು ಕೂಗಿದ್ದು ಕೇಳಿಸಿತು.

“ಅದು ಬುಡದ್ದು. ಬೆಳೆಯೋಕೆ ಬಿಡಿ, ಕಡ್ಡಿಗಾತ್ರ ಆದ ಮೇಲೆ ಅದಕ್ಕೇ ಕಟ್ಟಬಹುದು. ಊರಿಗೆ ಯಾವಾಗ ಬರ್ತೀರಿ? ಬರೋ ಹತ್ತು ದಿನ ಮುಂಚೆ ಹೇಳಿ, ಎಲೆ ಕೊಯ್ದಿಡ್ಬೇಕು.”